ಮೊಟ್ಟೆಯಷ್ಟು ಪುಡಿ

ಗೆಳೆಯಾ,

ಹಿಟ್ಲರನಿಗಿಂತ ಮುಂಚೆ ಯುರೋಪಿಗೆ ಯಹೂದಿಗಳ ಮೇಲೆ ಏನು ಸಿಟ್ಟಿತ್ತು ಅಂತ ಕೇಳಿದ್ದೆಯಲ್ಲ. ಇಡೀ ಚರಿತ್ರೆ ಒಂದು ಪತ್ರಕ್ಕೆ ಹಿಡಿಸುವುದಿಲ್ಲ, ಒಂದೇ ಊರಿನದು ಹೇಳುತ್ತೇನೆ: ಈಗ ಫ್ರಾನ್ಸಿನಲ್ಲಿರುವ ಸ್ಟ್ರಾಸ್‌ಬರ್ಗ್, 1349.

ಹಿಂದಿನ ವರ್ಷ ಪ್ಲೇಗು ಹರಡುತ್ತಿದ್ದಾಗ ಯಹೂದಿಗಳು ಬಾವಿಗೆ ವಿಷ ಹಾಕುತ್ತಿದ್ದಾರೆಂಬ ಸುದ್ದಿ ಹಬ್ಬಿತು. ಸೆಪ್ಟೆಂಬರಿನಲ್ಲಿ ಜಿನೀವಾ ಸರೋವರದ ದಡದ ಶಿಯೋಂ ಕೋಟೆಯಲ್ಲಿ ಕೆಲವರನ್ನು ಹಿಂಸಿಸಿ ತಪ್ಪೊಪ್ಪಿಗೆ ಬರೆಸಿಕೊಂಡರು. ಅವರಲ್ಲೊಬ್ಬ ಶಸ್ತ್ರವೈದ್ಯ. ಅವನ ಹೇಳಿಕೆಯಲ್ಲಿ ವಿಷ ಮೊಟ್ಟೆಯಷ್ಟು ಪುಡಿ, ತೆಳು ಚರ್ಮದ ಚೀಲದಲ್ಲಿ ಹೊಲಿದದ್ದು. ಕಳಿಸಿದವರು ಯಾರು, ಹಾಕಿದ್ದು ಎಲ್ಲಿ, ಎಲ್ಲಾ ಇದೆ. ಹಿಂಸಿಸುವವನು ಕೇಳುತ್ತಾ ಹೋದ ಹಾಗೆ ವಿವರ ಹುಟ್ಟುತ್ತಾ ಹೋಗುತ್ತದೆ. ಕಾಗದಕ್ಕೆ ಇಳಿದ ಮೇಲೆ ಅದೇ ಪುರಾವೆ. ಅದರ ಪ್ರತಿ ಸ್ಟ್ರಾಸ್‌ಬರ್ಗಿಗೂ ಹೋಯಿತು.

ಅಲ್ಲಗಳೆದವರು ಇರಲಿಲ್ಲ ಅನ್ನಬೇಡ. ಪ್ಲೇಗಿಗೆ ಯಹೂದಿಗಳೂ ಸಾಯುತ್ತಿದ್ದಾರೆ, ಅವರು ಇಲ್ಲದ ಕಡೆಯೂ ಜನ ಸಾಯುತ್ತಿದ್ದಾರೆ ಎಂದು ಪೋಪ್ ಆರನೆಯ ಕ್ಲೆಮೆಂಟ್ 1348ರಲ್ಲೇ ಆಜ್ಞಾಪತ್ರ ಹೊರಡಿಸಿದ್ದರು. ಸ್ಟ್ರಾಸ್‌ಬರ್ಗಿನ ಆಡಳಿತದ ಮುಖ್ಯಸ್ಥ ಪೀಟರ್ ಶ್ವಾರ್ಬರ್ ಬೇರೆ ಊರುಗಳಿಗೆ ಬರೆದು ವಿಚಾರಿಸಿ, ಇಷ್ಟು ಪುರಾವೆ ಸಾಲದು ಎಂದು ಗಟ್ಟಿಯಾಗಿ ನಿಂತ. ಲಂಚ ತಿಂದಿದ್ದಾನೆ ಎಂಬ ಹೆಸರು ಬಂತು. ಫೆಬ್ರವರಿಯಲ್ಲಿ ಕುಶಲಕರ್ಮಿಗಳ ಸಂಘಗಳು ಅವನನ್ನೂ ಜೊತೆಯವರನ್ನೂ ಕೆಳಗಿಳಿಸಿದವು. 14ನೇ ತಾರೀಕು ಶನಿವಾರ, ಯಹೂದಿಗಳದೇ ಸ್ಮಶಾನದಲ್ಲಿ ಮರದ ಅಟ್ಟ ಕಟ್ಟಿ ನೂರಾರು ಜನರನ್ನು ಜೀವಂತ ಸುಟ್ಟರು.

ಪ್ಲೇಗು ಇನ್ನೂ ಆ ಊರಿಗೆ ಬಂದೇ ಇರಲಿಲ್ಲ.

ಮರುಕ್ಷಣ ಆದದ್ದನ್ನು ಗಮನಿಸು. ಯಹೂದಿಗಳ ಹತ್ತಿರ ಇದ್ದ ಅಡಮಾನ, ಸಾಲಪತ್ರ ಎಲ್ಲಾ ಸಾಲ ಪಡೆದವರಿಗೆ ವಾಪಸ್. ನಗದು ಕುಶಲಕರ್ಮಿಗಳಿಗೆ ಹಂಚಿಕೆ. ಯಹೂದಿಗಳನ್ನು ಕೊಂದದ್ದು ಹಣವೇ ಎಂದು ಆ ಊರಿನ ಹಳೆಯ ವೃತ್ತಾಂತವೇ ಬರೆದಿಟ್ಟಿದೆ. ಬಡ್ಡಿ ವ್ಯವಹಾರ ಅವರ ಪಾಲಿಗೆ ಬಂದದ್ದಾದರೂ ಹೇಗೆ? ಕಸುಬಿನ ಸಂಘಗಳಿಗೆ ಅವರನ್ನು ಸೇರಿಸುತ್ತಿರಲಿಲ್ಲ, ಕ್ರೈಸ್ತರು ಬಡ್ಡಿ ತೆಗೆದುಕೊಳ್ಳುವುದನ್ನು ಚರ್ಚು ನಿಷೇಧಿಸಿತ್ತು. ಉಳಿದ ಒಂದೇ ಬಾಗಿಲಿನಿಂದ ಒಳಗೆ ಬಿಟ್ಟು, ಆ ಬಾಗಿಲಲ್ಲಿ ನಿಂತಿದ್ದೇ ತಪ್ಪು ಅಂದರು. ಇಪ್ಪತ್ತು ವರ್ಷದ ನಂತರ ಕೆಲವರನ್ನು ಮತ್ತೆ ಸೇರಿಸಿಕೊಂಡರೂ ಆ ಶತಮಾನದ ಕೊನೆಯ ಹೊತ್ತಿಗೆ ಹೊರಹಾಕಿದರು; ಅಲ್ಲಿಂದ ಶತಮಾನಗಟ್ಟಲೆ, ಫ್ರೆಂಚ್ ಕ್ರಾಂತಿಯ ಕಾಲದವರೆಗೆ, ಯಹೂದಿಗಳು ಆ ಊರಲ್ಲಿ ರಾತ್ರಿ ತಂಗುವಂತಿರಲಿಲ್ಲ. ಸಂಜೆ ಕೊಂಬು ಊದಿದರೆ ಕೋಟೆಯ ಹೊರಗೆ ಹೋಗಬೇಕು.

2020ರಲ್ಲಿ ಕೊರೊನಾ ಬಂದಾಗ ವೈರಸ್ಸನ್ನು ಯಹೂದಿಗಳೇ ಬಿಟ್ಟರು ಎಂಬ ಮಾತು ಮತ್ತೆ ಓಡಾಡಿತು. ಬಾವಿಯ ಜಾಗಕ್ಕೆ ಪ್ರಯೋಗಾಲಯ ಬಂತು, ಅಷ್ಟೇ. ನಮ್ಮಲ್ಲೂ ಅದೇ ಏಪ್ರಿಲಿನಲ್ಲಿ, ಹಣ್ಣಿಗೆ ಎಂಜಲು ಹಚ್ಚುತ್ತಿದ್ದಾರೆಂದು ಹಳೆಯ ವಿಡಿಯೊ ಹಂಚಿ ಮುಸ್ಲಿಮರ ಮೇಲೆ ಹೊರಿಸಿದರು. ನಿನಗೆ ಹೇಳಿರಲಿಲ್ಲ, ಅದನ್ನು ನಾನೂ ನಂಬಿದ್ದೆ. ಊರು, ಗಾಡಿ, ಕೈ, ಎಲ್ಲಾ ಕಾಣುತ್ತಿತ್ತಲ್ಲ. ಶಿಯೋಂನ ಆ ಮೊಟ್ಟೆಯಷ್ಟು ಪುಡಿಯ ಬಗ್ಗೆ ಓದಿದಾಗಿನಿಂದ ಅದೇ ನೆನಪಾಗುತ್ತಿದೆ. 1349ರಲ್ಲಿ ಆ ಕಾಗದ ನನ್ನ ಕೈಗೆ ಬಂದಿದ್ದರೆ ಶ್ವಾರ್ಬರ್ ಜೊತೆ ನಿಲ್ಲುತ್ತಿದ್ದೆ ಎಂದು ಧೈರ್ಯವಾಗಿ ಹೇಳಲಾರೆ.

ಇಷ್ಟೆಲ್ಲಾ ಬರೆಯಬೇಕು ಅಂತ ಕೂತಿರಲಿಲ್ಲ. ಭಾನುವಾರ ಬಾ, ಹಲಸಿನಕಾಯಿ ಲೆಕ್ಕ ಇನ್ನೂ ಬಾಕಿ ಇದೆ. ಈ ಸಲ ಅತ್ತಿಗೆಯೇ ತೀರ್ಪು ಹೇಳಲಿ.

ನಿನ್ನವ