ಯಕ್ಷಗಾನದ ವಿಎಚ್‌ಎಸ್ ಕ್ಯಾಸೆಟ್‌ಗಳ ಡಿಜಿಟಲ್ ಪರಿವರ್ತನೆಯಲ್ಲಿ ಆಗಿರುವ ಲೋಪದ ಬಗ್ಗೆ ದೂರು

ಪುತ್ತೂರು
18-11-2025

ಇವರಿಗೆ,
ವ್ಯವಸ್ಥಾಪಕರು,
ವಿಡಿಯೊ ಪರಿವರ್ತನಾ ವಿಭಾಗ

ವಿಷಯ: ಎರಡು ಕ್ಯಾಸೆಟ್‌ಗಳನ್ನು ಇದ್ದದ್ದು ಇದ್ದಂತೆ ಮತ್ತೆ ಡಿಜಿಟಲ್ ಮಾಡಿಕೊಡುವ ಕುರಿತು.

ಮಾನ್ಯರೇ,

ನಾನು ನಿಮ್ಮಲ್ಲಿ ಕೊಟ್ಟಿದ್ದ ಎರಡು ವಿಎಚ್‌ಎಸ್ ಕ್ಯಾಸೆಟ್‌ಗಳ ಫೈಲುಗಳು ಪೆನ್‌ಡ್ರೈವ್‌ನಲ್ಲಿ ಕೈಸೇರಿವೆ. ಒಂದರಲ್ಲಿ ನಮ್ಮ ಗದ್ದೆಯಲ್ಲಿ ನಡೆದ ಸೇವೆಯಾಟ, ಅಂದರೆ ಹರಕೆಯ ಯಕ್ಷಗಾನ, ಇನ್ನೊಂದರಲ್ಲಿ ಊರಿನ ಹವ್ಯಾಸಿ ಸಂಘದ ಆಟ. ಎರಡೂ ತೊಂಬತ್ತರ ದಶಕದವು. ಬಿಲ್ಲಿನಲ್ಲಿ ‘ಚಿತ್ರದೋಷ ನಿವಾರಣೆ’ ಎಂದು ಪ್ರತ್ಯೇಕವಾಗಿ ಬರೆದು ಅದಕ್ಕೆ ಬೇರೆ ಹಣವನ್ನೂ ತೆಗೆದುಕೊಂಡಿದ್ದೀರಿ. ಆ ನಿವಾರಣೆಯಲ್ಲಿ ದೋಷದ ಜೊತೆಗೆ ಆಟವೂ ಅಳಿಸಿಹೋಗಿದೆ ಎಂಬುದೇ ನನ್ನ ದೂರು.

ಎರಡನೆಯ ಕ್ಯಾಸೆಟ್‌ನಲ್ಲಿ ರಾವಣನ ವೇಷ ಮಾಡಿದವರು ನನ್ನ ದೊಡ್ಡಪ್ಪ. ಅವರು ಈಗಿಲ್ಲ. ಅವರ ಬಣ್ಣದ ವೇಷ (ದಟ್ಟ ಮುಖವರ್ಣಿಕೆಯ ರಾಕ್ಷಸ ವೇಷ) ಕುಣಿಯುವುದನ್ನು ನೋಡಬೇಕೆಂದರೆ ನಮಗೆ ಉಳಿದಿರುವುದು ಇದೊಂದೇ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಸಾಲುಸಾಲಾಗಿ ಚುಟ್ಟಿ ಇಡುತ್ತಾರೆ. ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮಾಡುವ ಕೆಲಸ ಅದು. ದೊಡ್ಡಪ್ಪ ಬೇರೆಯವರ ಕೈಗೆ ಮುಖ ಕೊಡುತ್ತಿರಲಿಲ್ಲ, ತಾವೇ ಇಟ್ಟುಕೊಳ್ಳುತ್ತಿದ್ದರು. ನಿಮ್ಮ ಫೈಲಿನಲ್ಲಿ ಆ ಚುಟ್ಟಿ ಇಲ್ಲ. ಕೆನ್ನೆಯ ಮೇಲೆ ಬಿಳಿ ಪಟ್ಟಿಯೊಂದು ಬಳಿದಂತಿದೆ, ಹಣೆ ನುಣ್ಣಗಾಗಿದೆ, ಕಣ್ಣಿನ ಸುತ್ತಲ ಗೆರೆಗಳು ಒಂದಕ್ಕೊಂದು ಕಲಸಿಹೋಗಿವೆ. ಟೇಪಿನ ಮೇಲಿನ ಕಾಂತೀಯ ಲೇಪ ಉದುರಿದಲ್ಲಿ ಪರದೆಯ ಮೇಲೆ ಬಿಳಿ ಚುಕ್ಕೆ, ಬಿಳಿ ಗೀರು ಕಾಣುವುದುಂಟು. ಅವನ್ನು ಹುಡುಕಿ ಅಳಿಸುವ ಫಿಲ್ಟರನ್ನು ನೀವು ಪೂರ್ತಿ ಏರಿಸಿಟ್ಟಿದ್ದೀರಿ. ಅದಕ್ಕೆ ಕೊಳೆಗೂ ಚುಟ್ಟಿಗೂ ಇರುವ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯಬೇಕಾದದ್ದು ಅದನ್ನು ನಡೆಸುವವರಿಗೆ.

ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ, “ಹಳೇ ಕ್ಯಾಸೆಟ್ ಅಲ್ವಾ ಸಾರ್, ಇಷ್ಟೇ ಬರೋದು” ಎಂದರು. ಅದನ್ನು ಒಪ್ಪಲಾರೆ. ನೀವು ಹಿಂದಿರುಗಿಸಿದ ಅದೇ ಕ್ಯಾಸೆಟ್ಟನ್ನು ಸ್ನೇಹಿತರ ಮನೆಯ ವಿಸಿಆರ್‌ಗೆ ಹಾಕಿ ಹಳೆಯ ಟ್ಯೂಬ್ ಟಿವಿಯಲ್ಲಿ ನೋಡಿದ್ದೇನೆ. ಚಿತ್ರ ಒರಟಾಗಿದೆ, ನಿಜ. ಆದರೆ ಚುಟ್ಟಿಯ ಒಂದೊಂದು ಸಾಲೂ ಕಾಣುತ್ತದೆ.

ಕ್ಯಾಸೆಟ್‌ನ ಮಿತಿ ಯಾವುದು, ನಿಮ್ಮ ಕೆಲಸದ ತಪ್ಪು ಯಾವುದು ಎಂಬುದನ್ನು ನಾನು ಬೆರೆಸುತ್ತಿಲ್ಲ. ವಿಎಚ್‌ಎಸ್‌ನಲ್ಲಿ ಬಣ್ಣದ ವಿವರ ಬಹಳ ಕಡಿಮೆ. ಕೆಂಪು ತನ್ನ ಗಡಿ ದಾಟಿ ಪಕ್ಕಕ್ಕೆ ಹರಡುತ್ತದೆ, ಯಕ್ಷಗಾನದ ವೇಷದಲ್ಲಂತೂ ಅದು ಎದ್ದು ಕಾಣುತ್ತದೆ. ಅದಕ್ಕೆ ನೀವು ಹೊಣೆಯಲ್ಲ. ಚಿತ್ರದ ತಳದಲ್ಲಿ ಅದುರುವ ಕೆಲವು ಗೆರೆಗಳೂ ನಿಮ್ಮ ತಪ್ಪಲ್ಲ. ಟೇಪನ್ನು ಓದುವ ಒಂದು ಹೆಡ್ಡಿನಿಂದ ಇನ್ನೊಂದು ಹೆಡ್ಡಿಗೆ ಬದಲಾಗುವಾಗ ಎಲ್ಲ ವಿಎಚ್‌ಎಸ್‌ನಲ್ಲೂ ಅವು ಬರುತ್ತವೆ, ಹಳೆಯ ಟಿವಿಯ ಅಂಚಿನಲ್ಲಿ ಮರೆಯಾಗುತ್ತಿದ್ದವು ಅಷ್ಟೆ.

ಆದರೆ ಚಿತ್ರವನ್ನು ಕತ್ತರಿಸಿದವರು ನೀವು. 4:3 ಅಳತೆಯ ಚಿತ್ರವನ್ನು ಈಗಿನ ಅಗಲ ಟಿವಿಗೆ ತುಂಬಿಸಲು 16:9ಕ್ಕೆ ಕತ್ತರಿಸಿದರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಹೋಗಿರುವುದೂ ಹಾಗೆಯೇ. ರಾವಣನ ಕಿರೀಟವಾದ ಕೇಸರಿ ತಟ್ಟಿಯ ಮೇಲ್ಭಾಗವಿಲ್ಲ, ಕೆಳಗೆ ಗೆಜ್ಜೆ ಕಟ್ಟಿದ ಕಾಲುಗಳಿಲ್ಲ. ಕಾಲೇ ಕಾಣದ ಮೇಲೆ ಕುಣಿತವನ್ನು ನೋಡುವುದಾದರೂ ಏನು? ಇಕ್ಕೆಲಗಳಲ್ಲಿ ಕಪ್ಪು ಪಟ್ಟಿ ಇದ್ದರೆ ನನಗೆ ಯಾವ ತೊಂದರೆಯೂ ಇರಲಿಲ್ಲ.

ಚಲನೆಯೂ ಕೆಟ್ಟಿದೆ. ನಮ್ಮ ದೇಶದ ಟಿವಿ, ವಿಡಿಯೊಗಳಲ್ಲಿ ಬಳಸುತ್ತಿದ್ದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ಒಂದೊಂದು ಫ್ರೇಮಿನಲ್ಲೂ ಬೇರೆ ಬೇರೆ ಕ್ಷಣಕ್ಕೆ ಸೇರಿದ ಎರಡು ಫೀಲ್ಡ್ (ಒಂದು ಬಿಟ್ಟು ಒಂದು ಗೆರೆಗಳ ಅರ್ಧ ಚಿತ್ರ), ಅಂದರೆ ಸೆಕೆಂಡಿಗೆ 50 ಫೀಲ್ಡ್. ಕಾಣುವ ಗೆರೆಗಳು 576. ನೀವು ಕೊಟ್ಟ ಫೈಲನ್ನು, ವಿಡಿಯೊ ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೊ ತಂತ್ರಾಂಶದಲ್ಲಿ ತೆರೆದರೆ ಎತ್ತರ 480, ಸೆಕೆಂಡಿಗೆ 30 ಫ್ರೇಮ್ ಎಂದು ತೋರಿಸುತ್ತದೆ. ಇದ್ದ ಗೆರೆಗಳನ್ನು ಕುಗ್ಗಿಸಿ, ಎರಡು ಕ್ಷಣಗಳನ್ನು ಒಂದರ ಮೇಲೊಂದು ಬೆರೆಸಿ, ಇಲ್ಲದ ಫ್ರೇಮ್‌ಗಳನ್ನು ಸೇರಿಸಲಾಗಿದೆ. ಪುಂಡುವೇಷ (ಚುರುಕಿನ ತರುಣ ವೀರನ ಪಾತ್ರ) ಗಿರಗಿರನೆ ಸುತ್ತುತ್ತಾ ಧೀಂಗಿಣ ಹಾಕುವಾಗ ಒಬ್ಬನ ಜಾಗದಲ್ಲಿ ಇಬ್ಬರ ಮಸುಕು ಆಕೃತಿ ಸುತ್ತುತ್ತದೆ. ಫೀಲ್ಡ್‌ಗಳನ್ನು ಸರಿಯಾಗಿ ಬಿಡಿಸಿ ಸೆಕೆಂಡಿಗೆ 50 ಫ್ರೇಮ್‌ನ ಫೈಲ್ ಮಾಡಿದ್ದರೆ ಒಂದೊಂದು ಸುತ್ತೂ ಬಿಡಿಯಾಗಿ ಕಾಣುತ್ತಿತ್ತು.

ಧ್ವನಿಯ ವಿಷಯವೂ ಇದೆ. ಆರಂಭದಲ್ಲಿ ಚೆಂಡೆಯ ಪೆಟ್ಟಿಗೂ ಹೆಜ್ಜೆಗೂ ಹೊಂದಾಣಿಕೆಯಿದೆ, ಕ್ಯಾಸೆಟ್ ಮುಗಿಯುವ ಹೊತ್ತಿಗೆ ಧ್ವನಿ ಎದ್ದು ಕಾಣುವಷ್ಟು ಹಿಂದೆ ಬಿದ್ದಿದೆ. ಹಳೆಯ ಟೇಪಿನಿಂದ ಬರುವ ಸಂಕೇತದ ಗತಿ ಒಂದೇ ಸಮನಾಗಿರುವುದಿಲ್ಲ. ಅದನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಇಲ್ಲದೆ ಅಗ್ಗದ ಯುಎಸ್‌ಬಿ ಸಾಧನಕ್ಕೆ ನೇರ ಜೋಡಿಸಿದರೆ ನಡುನಡುವೆ ಫ್ರೇಮ್‌ಗಳು ಬಿಟ್ಟುಹೋಗುತ್ತವೆ, ಚಿತ್ರದ ಮೇಲಂಚೂ ಬಾಗುತ್ತದೆ. ನಿಮ್ಮ ಫೈಲಿನಲ್ಲಿ ಎರಡೂ ಇವೆ. ಇದಕ್ಕಿಂತ ನೋವಾದದ್ದು ಶ್ರುತಿ ಹೋದದ್ದು. ಗುಂಯ್‌ಗುಡುವ ಸದ್ದು ತೆಗೆಯಲು ಹೋಗಿ ಹಾರ್ಮೋನಿಯಂನ ಶ್ರುತಿಯನ್ನೇ ತೆಗೆದಿದ್ದೀರಿ. ಭಾಗವತರ ಪದ ಶ್ರುತಿಯ ಆಸರೆಯಿಲ್ಲದೆ ಕೇಳಿಬರುತ್ತಿದೆ.

ಸೇವೆಯಾಟದ ಕ್ಯಾಸೆಟ್‌ನಲ್ಲಿ ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದ ಬರುವ ಭಾಗವನ್ನು ಒಮ್ಮೆ ದಯವಿಟ್ಟು ನೀವೇ ಕೂತು ನೋಡಿ. ಅಲ್ಲಿ ಕತ್ತಲೆ ಇರಬೇಕು. ರಾಳದ ಪುಡಿ ಎರಚಿ ಬೆಂಕಿ ಭುಗಿಲೆದ್ದಾಗ ಮಾತ್ರ ಮುಖ ಕಂಡು ಮರೆಯಾಗುವುದೇ ಆ ಪ್ರವೇಶದ ಜೀವ. ನೀವು ಇಡೀ ದೃಶ್ಯಕ್ಕೆ ಬೆಳಕು ಏರಿಸಿ ಕತ್ತಲೆಯನ್ನು ಬೂದಿಬಣ್ಣ ಮಾಡಿದ್ದೀರಿ.

ನನ್ನ ಬೇಡಿಕೆ ಹೀಗಿದೆ. ಎರಡೂ ಕ್ಯಾಸೆಟ್‌ಗಳನ್ನು ಬೆಳಕು, ಬಣ್ಣಗಳ ಸಂಕೇತವನ್ನು ಬೇರೆಬೇರೆಯಾಗಿ ಕೊಡುವ ಎಸ್-ವಿಡಿಯೊ ಹೊರಕಿಂಡಿಯಿರುವ ಪ್ಲೇಯರ್ ಮತ್ತು ಟೈಮ್ ಬೇಸ್ ಕರೆಕ್ಟರ್ ಬಳಸಿ, ಯಾವ ಫಿಲ್ಟರೂ ಇಲ್ಲದೆ, ಎರಡೂ ಫೀಲ್ಡ್‌ಗಳನ್ನು ಉಳಿಸಿಕೊಂಡು 720×576 ಅಳತೆಯಲ್ಲಿ ಮತ್ತೆ ಹಿಡಿದುಕೊಡಿ. ಮೂರು ಗಂಟೆಯ ಕ್ಯಾಸೆಟ್ಟನ್ನು ನೀವು ಒಂದೂವರೆ ಜಿಬಿಗೆ ಇಳಿಸಿದ್ದೀರಿ. ಡಿವಿ (ಡಿಜಿಟಲ್ ವಿಡಿಯೊ) ಮಾದರಿಯಲ್ಲಿ ಗಂಟೆಗೇ ಸುಮಾರು 13 ಜಿಬಿ ಬೇಕು; ಅದಕ್ಕೆ ಬೇಕಾದ ಹಾರ್ಡ್‌ಡಿಸ್ಕ್ ನಾನೇ ಕೊಡುತ್ತೇನೆ. ದೋಷ ನಿವಾರಣೆ ಏನಿದ್ದರೂ ಆ ಮೂಲ ಫೈಲಿನ ಪ್ರತಿಯ ಮೇಲೆ, ನನಗೆ ಒಂದೆರಡು ನಿಮಿಷದ ಮಾದರಿ ತೋರಿಸಿ ಒಪ್ಪಿಗೆ ಪಡೆದ ಮೇಲೆ ಆಗಲಿ. ಒಂದನೇ ಕ್ಯಾಸೆಟ್‌ನ ಸುರುಳಿಯ ಅಂಚಿನಲ್ಲಿ ಬೂಸ್ಟು ಕಾಣುತ್ತಿದೆ. ನಮ್ಮ ಕಡೆಯ ಮಳೆಗಾಲದಲ್ಲಿ ಇದು ಸಾಮಾನ್ಯ. ಅದನ್ನು ಶುಚಿ ಮಾಡದೆ ಓಡಿಸಬೇಡಿ, ಹೆಡ್ಡಿಗೂ ಹಾನಿ, ಟೇಪಿಗೂ ಹಾನಿ.

ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಓಡಿಸಿದಷ್ಟೂ ಟೇಪು ಸವೆಯುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ ಕೂಡ 2016ರ ಜುಲೈಗೆ ತಯಾರಿಕೆ ನಿಲ್ಲಿಸಿತು. ಇರುವ ಯಂತ್ರಗಳು ಕೆಟ್ಟ ಮೇಲೆ ಇನ್ನೊಂದು ಅವಕಾಶ ನಮಗೂ ಇಲ್ಲ, ನಿಮಗೂ ಇಲ್ಲ.

ಅಂತಹ ಉಪಕರಣ ನಿಮ್ಮಲ್ಲಿಲ್ಲದಿದ್ದರೆ ಹಾಗೆಂದು ಬರೆದು ತಿಳಿಸಿ, ಪೂರ್ತಿ ಹಣ ಹಿಂದಿರುಗಿಸಿ. ಕ್ಯಾಸೆಟ್‌ಗಳನ್ನು ಬೇರೆಡೆ ಕೊಡುತ್ತೇನೆ. ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಬಿಲ್ಲಿನ ನಕಲು, ನಿಮ್ಮ ಫೈಲಿನಿಂದ ತೆಗೆದ ಚಿತ್ರಗಳು ಮತ್ತು ಅದೇ ದೃಶ್ಯಗಳನ್ನು ಟ್ಯೂಬ್ ಟಿವಿಯಲ್ಲಿ ಓಡಿಸಿ ತೆಗೆದ ಫೋಟೊಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
(ಸಹಿ)