ಇಚಿರೋಗೆ, ನೀಹೌಸ್‌ಗೆ, ಪಕ್ಕದ ಮನೆ ಅಜ್ಜಿಗೆ

ಆಗಸ್ಟ್ 9, 2025ರಂದು ಅಮೆರಿಕದ ಬೇಸ್‌ಬಾಲ್ ತಂಡ ಸಿಯಾಟಲ್ ಮರಿನರ್ಸ್, ತನ್ನ ಹಳೆಯ ಆಟಗಾರ ಇಚಿರೋ ಸುಜುಕಿ ಅವರ ಗೌರವಕ್ಕೆ ಅವರ 51ನೇ ನಂಬರನ್ನು ಎತ್ತಿಟ್ಟಿತು. ಇನ್ನು ಆ ತಂಡದಲ್ಲಿ ಯಾರೂ ಆ ನಂಬರಿನ ಜೆರ್ಸಿ ಹಾಕುವ ಹಾಗಿಲ್ಲ. ಅದಕ್ಕೂ ಮುಂಚೆ, ಜುಲೈ 27ರಂದು, ಅವರು ಕೂಪರ್ಸ್‌ಟೌನ್‌ನಲ್ಲಿ, ಈ ಆಟದ ದೊಡ್ಡ ಆಟಗಾರರನ್ನು ಗೌರವಿಸುವ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಿದ್ದರು. ಜಪಾನಿನಲ್ಲಿ ಹುಟ್ಟಿದ ಆಟಗಾರರೊಬ್ಬರಿಗೆ ಅಲ್ಲಿ ಜಾಗ ಸಿಕ್ಕಿದ್ದು ಇದೇ ಮೊದಲು. ಇಷ್ಟೆಲ್ಲಾ ಆದ ಮೇಲೂ ನಾನು ಒಂದು ಥ್ಯಾಂಕ್ಸ್ ಹೇಳದೆ ಸುಮ್ನೆ ಕೂತರೆ ತಪ್ಪಾಗುತ್ತದೆ.

ನಾನು ಮದುವೆಯಾಗಿ ಸಿಯಾಟಲ್‌ಗೆ ಬಂದದ್ದು 2001ರಲ್ಲಿ. ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ಎಚ್-4 ವೀಸಾ. ಡಿಗ್ರಿ ಇತ್ತು, ಕೆಲಸ ಮಾಡುವ ಹಾಗಿರಲಿಲ್ಲ. ಕಾರು ಓಡಿಸಲೂ ಬರುತ್ತಿರಲಿಲ್ಲ. ನಮ್ಮವರು ಬೆಳಗ್ಗೆ ಆಫೀಸಿಗೆ ಹೋದರೆ ಬರುವುದು ರಾತ್ರಿಗೆ. ಅಮ್ಮನಿಗೆ ಫೋನ್ ಮಾಡೋಣವೆಂದರೆ ಕಾಲಿಂಗ್ ಕಾರ್ಡಿನ ನಿಮಿಷ ಎಣಿಸಬೇಕು. ಇಂಗ್ಲಿಷ್ ಓದಿದರೆ ತಿಳಿಯುತ್ತಿತ್ತು. ಅಂಗಡಿಯವರು ಮಾತಾಡಿದರೆ ಮಾತ್ರ ಅರ್ಧಕ್ಕರ್ಧ ತಲೆಗೆ ಹೋಗುತ್ತಿರಲಿಲ್ಲ.

ಅದೇ ವರ್ಷ ಇಚಿರೋ ಕೂಡ ಈ ಊರಿಗೆ ಬಂದರು. ಅವರದು ಕೋಟಿ ಡಾಲರಿನ ಒಪ್ಪಂದ, ನನ್ನದು ಡಿಪೆಂಡೆಂಟ್ ವೀಸಾ. ಹೋಲಿಕೆ ಅಲ್ಲಿಗೇ ನಿಲ್ಲಲಿ. ಆದರೆ ಅನುಮಾನ ಅವರನ್ನೂ ಬಿಟ್ಟಿರಲಿಲ್ಲ. ಜಪಾನಿನ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಇಲ್ಲಿ ಆಗಲೇ ಹೆಸರು ಮಾಡಿದ್ದರು. ಬರೀ ಬ್ಯಾಟು ನಂಬಿಕೊಂಡು ಅಲ್ಲಿಂದ ಬಂದು ಗೆದ್ದವರು ಇರಲಿಲ್ಲ. ಸತತ ಏಳು ವರ್ಷ ಅಲ್ಲಿನ ಲೀಗಿನಲ್ಲಿ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲು ನಿಂತಿದ್ದರೂ, ಈ ತೆಳ್ಳಗಿನ ಮನುಷ್ಯ ಇಲ್ಲಿನ ವೇಗಕ್ಕೆ ನಿಲ್ಲುತ್ತಾನಾ ಎಂದೇ ಕೇಳುತ್ತಿದ್ದರು. ಸೀಸನ್ ಮುಗಿದಾಗ ಅವರ ಹೆಸರಲ್ಲಿ 242 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದ್ದು), ಕದ್ದ ಬೇಸ್ (ಯಾರೂ ಹೊಡೆಯದೆಯೇ ಓಡಿ ಮುಂದಿನ ಬೇಸ್ ಹಿಡಿದದ್ದು) 56. ವರ್ಷದ ಹೊಸ ಆಟಗಾರ, ಲೀಗಿನ ಅತ್ಯುತ್ತಮ ಆಟಗಾರ, ಎರಡು ಪ್ರಶಸ್ತಿಯೂ ಅವರಿಗೇ. ತಂಡ 116 ಪಂದ್ಯ ಗೆದ್ದಿತ್ತು.

ನಮ್ಮ ಮನೆಯಲ್ಲಿ ಕೇಬಲ್ ಇರಲಿಲ್ಲ, ರೇಡಿಯೋ ಇತ್ತು. ಹಾಗಾಗಿ ನನ್ನ ಎರಡನೇ ಥ್ಯಾಂಕ್ಸ್ ಡೇವ್ ನೀಹೌಸ್‌ಗೆ. 1977ರಲ್ಲಿ ತಂಡ ಶುರುವಾದ ದಿನದಿಂದ 2010ರಲ್ಲಿ ತೀರಿಕೊಳ್ಳುವ ತನಕ ಮರಿನರ್ಸ್ ಕಾಮೆಂಟರಿ ಅಂದರೆ ಅವರೇ. ಅವಸರವಿಲ್ಲದ ದನಿ. ಚೆಂಡು ಎಲ್ಲಿ ಬಿತ್ತು, ಯಾರು ಓಡಿದರು, ಮೋಡ ಕವಿದಿದೆಯಾ, ಎಲ್ಲ ಹೇಳುತ್ತಿದ್ದರು. ಇಲ್ಲಿನವರ ಇಂಗ್ಲಿಷ್ ನನ್ನ ಕಿವಿಗೆ ಹತ್ತಿದ್ದು ಆ ದನಿಯಿಂದ. ಯಾವ ಕ್ಲಾಸಿಗೂ ಹೋಗಲಿಲ್ಲ.

ಮೂರನೆಯದು ಪಕ್ಕದ ಮನೆಯಲ್ಲಿದ್ದ ಅಮೆರಿಕನ್ ಅಜ್ಜಿಗೆ. ಕಿಟಕಿಯಿಂದ ನನ್ನ ರೇಡಿಯೋ ಕೇಳಿಸಿ, ಒಂದು ದಿನ ಬಾಗಿಲು ತಟ್ಟಿ, ನಮ್ಮ ಮನೆಯಲ್ಲಿ ಟಿವಿ ಇದೆ ಬಾ ಎಂದು ಕರೆದುಕೊಂಡು ಹೋದರು. ಅವರ ಮಡಿಲಲ್ಲಿ ಯಾವಾಗಲೂ ಒಂದು ಸ್ಕೋರ್ ಪುಸ್ತಕ. ಪ್ರತಿ ಬ್ಯಾಟರ್‌ಗೂ ಒಂದು ಚೌಕ, ಅದರೊಳಗೆ ಒಂದು ಪುಟ್ಟ ವಜ್ರದಾಕಾರ. ಬ್ಯಾಟರ್ ಒಂದೊಂದು ಬೇಸ್ ದಾಟಿದಂತೆ ಒಂದೊಂದು ಗೆರೆ ಎಳೆಯಬೇಕು, ರಂಗೋಲಿಯ ಚುಕ್ಕಿ ಸೇರಿಸುವ ಹಾಗೆ. ಫೀಲ್ಡರ್‌ಗಳಿಗೆ ಹೆಸರಿಲ್ಲ, ನಂಬರ್. ಪಿಚರ್ 1, ಕ್ಯಾಚರ್ 2, ಮೊದಲ ಬೇಸಿನವರು 3, ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ರೈಟ್ ಫೀಲ್ಡಿನಲ್ಲಿ ನಿಲ್ಲುವ ಇಚಿರೋ 9.

ಚೆಂಡು ಶಾರ್ಟ್‌ಸ್ಟಾಪ್ ಕಡೆಗೆ ನೆಲದ ಮೇಲೆ ಉರುಳಿತು ಅನ್ನಿ. ಆತ ಹೆಕ್ಕಿ ಮೊದಲ ಬೇಸಿಗೆ ಎಸೆಯುತ್ತಾನೆ, ಬ್ಯಾಟರ್ ಓಡಿ ಮುಟ್ಟುವ ಮೊದಲೇ ಚೆಂಡು ಬಂದರೆ ಔಟ್. ಪುಸ್ತಕದಲ್ಲಿ 6-3. ಮಾಮೂಲಿ ಬ್ಯಾಟರ್ ಆದರೆ ಆ ಎಸೆತ ಗಾಳಿಯಲ್ಲಿರುವಾಗಲೇ ಅಜ್ಜಿ ಬರೆದು ಮುಗಿಸುತ್ತಿದ್ದರು. ಇಚಿರೋ ಬಂದರೆ ಮಾತ್ರ 6 ಎಂದು ಬರೆದು, ಪೆನ್ಸಿಲ್ ಎತ್ತಿ ಕಾಯುತ್ತಿದ್ದರು. ಅವರು ಎಡಗೈ ಬ್ಯಾಟರ್, ಬೇಸಿಗೆ ಎರಡು ಹೆಜ್ಜೆ ಹತ್ತಿರ. ಹೊಡೆತ ಮುಗಿಯುವ ಮೊದಲೇ ಮೈ ಓಟಕ್ಕೆ ವಾಲಿರುತ್ತಿತ್ತು. ಎಸೆತ ತಲುಪುವಷ್ಟರಲ್ಲಿ ಇವರು ಬೇಸ್ ದಾಟಿರುತ್ತಿದ್ದರು. ಅಜ್ಜಿ ನಗುತ್ತಾ ರಬ್ಬರ್ ತೆಗೆದುಕೊಳ್ಳುತ್ತಿದ್ದರು.

ನನ್ನ ಅಣ್ಣ ಫೋನಿನಲ್ಲಿ ಇವರನ್ನು ಬೇಸ್‌ಬಾಲಿನ ದ್ರಾವಿಡ್ ಅನ್ನುತ್ತಿದ್ದ. ಇಬ್ಬರೂ 1973ರಲ್ಲಿ ಹುಟ್ಟಿದವರು, ಇಬ್ಬರೂ ಶಿಸ್ತಿನವರು, ನಿಜ. ಆದರೆ ನಾನು ಒಪ್ಪುವುದಿಲ್ಲ. ದ್ರಾವಿಡ್ ಚೆಂಡು ಬಿಡುವುದನ್ನು ನೋಡುವುದೇ ಒಂದು ಚಂದ. ಇಚಿರೋಗೆ ಬಿಡುವುದೇ ಇಷ್ಟವಿರಲಿಲ್ಲ. ಬೇಸ್‌ಬಾಲಿನಲ್ಲಿ ಪಿಚರ್ ಎಸೆದ ಚೆಂಡು ನೆಲ ಮುಟ್ಟದೆ ಬ್ಯಾಟರ್ ಹತ್ತಿರ ಬರಬೇಕು. ಜಪಾನಿನಲ್ಲಿದ್ದಾಗ ಒಮ್ಮೆ ನೆಲಕ್ಕೆ ಬಿದ್ದು ಪುಟಿದ ಚೆಂಡನ್ನೂ ಬಾರಿಸಿ ಹಿಟ್ ಮಾಡಿದ್ದರು! ಚೆಂಡನ್ನು ಮೈದಾನದಾಚೆ ಕಳಿಸುವ ಹೋಮ್ ರನ್ ಜಾಸ್ತಿ ಹೊಡೆಯಲಿಲ್ಲ ಎಂದು ದೂರುವವರು ಈಗಲೂ ಇದ್ದಾರೆ. ಅವರ ಜೊತೆ ವಾದ ಮಾಡುವುದನ್ನು ನಾನು ಬಿಟ್ಟಿದ್ದೇನೆ.

ಅಕ್ಟೋಬರ್ 1, 2004 ಅಜ್ಜಿಯ ಜೊತೆ ನೋಡಿದ ಆಟಗಳಲ್ಲಿ ದೊಡ್ಡದು. ಒಂದೇ ಸೀಸನ್ನಿನಲ್ಲಿ 257 ಹಿಟ್ ಎಂಬ ಜಾರ್ಜ್ ಸಿಸ್ಲರ್ ಅವರ ದಾಖಲೆ 1920ರಿಂದ ಹಾಗೇ ನಿಂತಿತ್ತು. ಸಿಸ್ಲರ್ ಕಾಲದಲ್ಲಿ ವರ್ಷಕ್ಕೆ 154 ಪಂದ್ಯ, ಈಗ 162. ಆ ತಕರಾರು ಇದ್ದೇ ಇದೆ. ಅಂದು ಇಚಿರೋ ಮೊದಲು ಸರಿಗಟ್ಟಿದರು, ಆಮೇಲೆ ಮುರಿದರು. ತಂಡದವರೆಲ್ಲ ಮೈದಾನಕ್ಕೆ ನುಗ್ಗಿ ಸುತ್ತುವರಿದರು. ಸಿಸ್ಲರ್ ಅವರ ಮಗಳು ಸ್ಟೇಡಿಯಂಗೆ ಬಂದಿದ್ದರು. ಇಚಿರೋ ಓಡಿಹೋಗಿ ಅವರ ಕೈಕುಲುಕಿದರು. ಸೀಸನ್ ಮುಗಿದಾಗ ಲೆಕ್ಕ 262. 2009ರಲ್ಲಿ ಸೇಂಟ್ ಲೂಯಿಸ್‌ಗೆ ಹೋದಾಗ ಸಿಸ್ಲರ್ ಸಮಾಧಿಗೂ ಹೋಗಿ ಬಂದರು. ಯಾರ ದಾಖಲೆ ಮುರಿದರೋ ಅವರ ಬಗ್ಗೆ ಇಷ್ಟು ಗೌರವ ಇಟ್ಟುಕೊಂಡವರು ಎಷ್ಟು ಜನ ಸಿಗುತ್ತಾರೆ, ಹೇಳಿ?

ಆಮೇಲಿನದು ನಿಮಗೆ ಗೊತ್ತಿರಬಹುದು. ಸತತ ಹತ್ತು ವರ್ಷ 200ಕ್ಕಿಂತ ಜಾಸ್ತಿ ಹಿಟ್. 2012ರಲ್ಲಿ ನ್ಯೂಯಾರ್ಕ್‌ನ ಯಾಂಕೀಸ್ ತಂಡಕ್ಕೆ ಹೋದರು. 2016ರಲ್ಲಿ ಮಯಾಮಿಯ ಮಾರ್ಲಿನ್ಸ್ ತಂಡದ ಪರ 3000ನೇ ಹಿಟ್. 2019ರಲ್ಲಿ ಟೋಕಿಯೋದಲ್ಲಿ, ಮತ್ತೆ ಮರಿನರ್ಸ್ ಜೆರ್ಸಿಯಲ್ಲೇ, ನಿವೃತ್ತಿ. ಅಮೆರಿಕದ 3089 ಹಿಟ್, ಜಪಾನಿನ 1278, ಒಟ್ಟು 4367. ಅಷ್ಟರೊಳಗೆ ನನಗೂ ಗ್ರೀನ್ ಕಾರ್ಡ್ ಬಂದು, ಕೆಲಸ ಸಿಕ್ಕಿ, ಕಾರೂ ಬಂದಿತ್ತು. ಅಜ್ಜಿ ಇರಲಿಲ್ಲ. ಅವರ ಸ್ಕೋರ್ ಪುಸ್ತಕಗಳನ್ನು ಮಗಳು ನನಗೇ ಕೊಟ್ಟರು. ಆ ಮಗಳಿಗೂ ಥ್ಯಾಂಕ್ಸ್.

ಜಪಾನಿನಲ್ಲಿ ಇಚಿರೋಗೆ ಮ್ಯಾನೇಜರ್ ಆಗಿದ್ದ ಅಕಿರಾ ಓಗಿ ಅವರನ್ನೂ ನೆನೆಯಲೇಬೇಕು. ಕಾಲು ತೂಗಾಡಿಸಿ ಹೊಡೆಯುವ ಈ ಹುಡುಗನ ಶೈಲಿ ಅಲ್ಲಿನ ಓರಿಕ್ಸ್ ತಂಡದಲ್ಲಿ ಮುಂಚೆ ಇದ್ದ ಮ್ಯಾನೇಜರ್‌ಗೆ ಹಿಡಿಸಿರಲಿಲ್ಲ. ಎರಡನೇ ತಂಡಕ್ಕೆ ಕಳಿಸಿದ್ದರು. 1994ರಲ್ಲಿ ಓಗಿ ಬಂದು, ನಿನ್ನಿಷ್ಟದ ಹಾಗೆ ಆಡು ಎಂದು ದಿನವೂ ಮೈದಾನಕ್ಕೆ ಇಳಿಸಿದರು. ಆ ವರ್ಷ 210 ಹಿಟ್.

ಕೂಪರ್ಸ್‌ಟೌನ್‌ನಲ್ಲಿ ಇಚಿರೋ ಇಂಗ್ಲಿಷಿನಲ್ಲೇ ಮಾತಾಡಿದರು, ಎಲ್ಲರನ್ನೂ ನಗಿಸಿದರು. ಹೆಂಡತಿ ಯುಮಿಕೋ ಬಗ್ಗೆ ಹೇಳಿದ್ದು ನನಗೆ ತುಂಬಾ ಇಷ್ಟವಾಯಿತು. ಆಡುತ್ತಿದ್ದಾಗ ಇಬ್ಬರೂ ಜೊತೆಗೆ ಕೂತು ಒಂದು ಪಂದ್ಯ ನೋಡಲು ಆಗಿರಲೇ ಇಲ್ಲವಂತೆ. ನಿವೃತ್ತಿಯ ಮೇಲೆ ಸ್ಟ್ಯಾಂಡಿನಲ್ಲಿ ಪಕ್ಕಪಕ್ಕ ಕೂತು ಹಾಟ್ ಡಾಗ್ ತಿನ್ನುತ್ತಾ ನೋಡಿದರಂತೆ. ಆಫೀಸಿನಿಂದ ಸುಸ್ತಾಗಿ ಬಂದು, ಬೇಸ್‌ಬಾಲ್ ಗಂಧವಿಲ್ಲದಿದ್ದರೂ ನನ್ನ ಆಟದ ವರದಿಯನ್ನು ಪೂರ್ತಿ ಕೇಳುತ್ತಿದ್ದ ನಮ್ಮವರಿಗೂ ಇಲ್ಲೇ ಥ್ಯಾಂಕ್ಸ್ ಹೇಳಿಬಿಡುತ್ತೇನೆ.

ಹಾಲ್ ಆಫ್ ಫೇಮ್‌ಗೆ 394 ಪತ್ರಕರ್ತರು ಮತ ಹಾಕಿದ್ದರು. 393 ಮಂದಿ ಇಚಿರೋ ಹೆಸರು ಬರೆದರು, ಒಬ್ಬರು ಬರೆಯಲಿಲ್ಲ. ಆ ಒಬ್ಬರನ್ನು ಮನೆಗೆ ಊಟಕ್ಕೆ ಕರೆಯಬೇಕೆಂದಿದ್ದೆ, ಈಗ ಆ ಅವಧಿ ಮುಗಿದಿದೆ ಎಂದು ವೇದಿಕೆಯಲ್ಲೇ ತಮಾಷೆ ಮಾಡಿದರು. ಅವರಿಗೆ ನನ್ನ ಕಡೆಯಿಂದಲೂ ಥ್ಯಾಂಕ್ಸ್ ಇಲ್ಲ.