ರೋಹಿಣಿ ಮಳೆ ಗೊತ್ತು, ರೋಹಿಣಿ ಎಲ್ಲಿ?

ಆತ್ಮೀಯರೇ,

‘ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲ ಜೋಳ’ ಅನ್ನೋ ಮಾತು ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಐದನೇ ತರಗತಿಯ ಹುಡುಗಿಯೊಬ್ಬಳು, “ಸರ್, ಆ ರೋಹಿಣಿ ಎಲ್ಲಿ ಐತ್ರಿ?” ಅಂದಳು. ತೋರಿಸಲು ಆಗಲಿಲ್ಲ. ಆ ದಿನಗಳಲ್ಲಿ ಸೂರ್ಯ ರೋಹಿಣಿಯ ಹತ್ತಿರವೇ ಇರುತ್ತಾನೆ. ಮಳೆಗೆ ಆ ಹೆಸರು ಬಂದದ್ದು ಅದಕ್ಕೇ, ನಕ್ಷತ್ರ ಕಾಣದೇ ಇರುವುದೂ ಅದಕ್ಕೇ!

ಜನವರಿವರೆಗೆ ಕಾದೆವು. ಪರಿಚಯದವರ ಸಣ್ಣ ಟೆಲಿಸ್ಕೋಪನ್ನು ಎರಡು ರಾತ್ರಿಗೆ ಕೇಳಿ ತಂದೆವು. ಕೆಂಪಗಿನ ರೋಹಿಣಿ ಸಿಕ್ಕಳು. ಬರಿಗಣ್ಣಿಗೆ ಆರೇಳು ಚುಕ್ಕಿಯಾಗಿದ್ದ ಕೃತ್ತಿಕೆ ಹತ್ತಾರು ಚುಕ್ಕಿಯಾಯಿತು. ಗುರುವಿನ ಪಕ್ಕ ನಾಲ್ಕು ಚಂದ್ರರು ಸಾಲಾಗಿ ನಿಂತಿದ್ದರು. ಮರುದಿನ ನೋಡಿದರೆ ಜಾಗ ಬದಲಾಗಿತ್ತು. ಆ ಹುಡುಗಿ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. 1610ರ ಜನವರಿಯಲ್ಲಿ ಗೆಲಿಲಿಯೊ ಮಾಡಿದ್ದೂ ಇದನ್ನೇ ಅಲ್ವಾ? ಸಾಲಿನಲ್ಲಿ ನಿಂತಿದ್ದ ಅಜ್ಜ ಒಬ್ಬರು, “ಇಷ್ಟು ವರ್ಷ ಈಕಿ ಹೆಸರ್ಲೆ ಬಿತ್ತೇನಿ, ಮಾರಿ ಇವತ್ತ ನೋಡಿದೆ” ಅಂದರು.

ದೊಡ್ಡಬಸಪ್ಪನ ಗುಡಿಯನ್ನೇ 24 ಮೂಲೆಯ ನಕ್ಷತ್ರದಂತೆ ಕಟ್ಟಿದ ಊರು ನಮ್ಮದು. ಆಕಾಶದ ನಕ್ಷತ್ರ ನೋಡಲು ಮಾತ್ರ ಸಾಲ ತರಬೇಕು.

ದಂಬಳ ಮತ್ತು ಸುತ್ತಲಿನ 8 ಸರ್ಕಾರಿ ಶಾಲೆಗಳಿಗೆ ಒಂದೊಂದು ಟೆಲಿಸ್ಕೋಪ್ ಕೊಡಬೇಕೆಂದಿದ್ದೇವೆ. ದೊಡ್ಡದು ಬೇಡ. 2009ರ ಅಂತರರಾಷ್ಟ್ರೀಯ ಖಗೋಳ ವರ್ಷದಲ್ಲಿ ಜಗತ್ತಿನ ಮಕ್ಕಳಿಗೆಂದು ಗೆಲಿಲಿಯೊಸ್ಕೋಪ್ ಎಂಬ ಅಗ್ಗದ ಕಿಟ್ ಬಂದಿತ್ತು. 50 ಮಿ.ಮೀ. ಮಸೂರ, 25ರಿಂದ 50 ಪಟ್ಟು ದೊಡ್ಡದಾಗಿ ಕಾಣುತ್ತದೆ. ಶನಿಯ ಬಳೆ ಕಾಣಲು ಅಷ್ಟು ಸಾಕು. ನಮಗೂ ಆ ಅಳತೆಯದ್ದೇ ಬೇಕು. ಗಟ್ಟಿ ಟ್ರೈಪಾಡ್ ಸೇರಿ ಒಂದಕ್ಕೆ 5,000 ರೂಪಾಯಿ, ಒಟ್ಟು 40,000 ರೂಪಾಯಿ ಲೆಕ್ಕ ಹಾಕಿದ್ದೇವೆ.

ಟ್ರೈಪಾಡಿಗೆ ಯಾಕೆ ದುಡ್ಡು ಅಂತ ಕೇಳಬಹುದು. ಹಿಂದೊಮ್ಮೆ ‘500 ಪಟ್ಟು’ ಅಂತ ಡಬ್ಬಿಯ ಮೇಲೆ ಬರೆದದ್ದನ್ನು ನಂಬಿ ಒಂದು ಕೊಂಡೆವು. ಕಾಲು ಅಲುಗಾಡಿ ಚಂದ್ರ ಕುಣಿಯುತ್ತಿದ್ದ. ಆ ದುಡ್ಡು ಸುಮ್ನೆ ಹೋಯಿತು.

100 ರೂಪಾಯಿಯೂ ಆದೀತು. ಮನೆಯಲ್ಲಿ ಸುಮ್ನೆ ಬಿದ್ದಿರುವ ಬೈನಾಕ್ಯುಲರ್ ಇದ್ದರೆ ಅದನ್ನೂ ಕೊಡಿ. ಶಾಲೆಯ ಆಫೀಸಿನಲ್ಲಿ ರಸೀದಿ ಕೊಡುತ್ತೇವೆ, ಖರೀದಿಯ ಬಿಲ್ಲನ್ನು ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ. ಸೂರ್ಯನ ಕಡೆ ತಿರುಗಿಸಬಾರದೆಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ. ನವೆಂಬರ್ ಒಳಗೆ ಹಣ ಕೂಡಿದರೆ ಈ ಚಳಿಗಾಲದ ರೋಹಿಣಿ ತಪ್ಪುವುದಿಲ್ಲ.

ಕೊಟ್ಟವರು ನೋಡಲೂ ಬನ್ನಿ. ಹುಣ್ಣಿಮೆಗೆ ಮಾತ್ರ ಬೇಡ, ಬೆಳಕು ಜಾಸ್ತಿಯಾಗಿ ಚಂದ್ರ ಬರೀ ಬಿಳಿ ತಟ್ಟೆ. ಅಮಾವಾಸ್ಯೆ ಕಳೆದು ಏಳೆಂಟು ದಿನಕ್ಕೆ ಬಂದರೆ ಕುಳಿಗಳ ನೆರಳೂ ಕಾಣುತ್ತದೆ.

ಶಿಕ್ಷಕರು ಮತ್ತು ಹಳೇ ವಿದ್ಯಾರ್ಥಿಗಳು
ದಂಬಳ, ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ